ಲೆಕ್ಕಕ್ಕೆ ಸಿಗದ ಮೂರು ತಿಂಗಳು

‘ಆಯಿ, ನಿಮಗ ಮಕ್ಕಳೆಷ್ಟ್ರೀ?’ ಎಂದು ಕೇಳಿದರೆ ನನ್ನ ಗಂಡನ ಅಜ್ಜಿ ತಡಮಾಡದೆ ‘ಐದು’ ಎನ್ನುತ್ತಾರೆ. ಮೊನ್ನೆ ಅದೇ ಪ್ರಶ್ನೆಯನ್ನು ಬೇರೆ ಥರ ಕೇಳಿದೆ. ‘ಎಷ್ಟು ಸಲ ಬಸರಾಗಿದ್ರಿ?’ ಆಯಿ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲಿ ಬಿಟ್ಟು ಬೆರಳು ಮಡಚತೊಡಗಿದರು. ‘ಒಂಬತ್ತ ಸಲ ನೋಡವ್ವಾ. ಎರಡು ಮೂರ ತಿಂಗಳದಾಗ ಹ್ವಾದ್ವು. ಒಂದು ಎರಡೂ ತುಂಬಿರಲಿಲ್ಲ. ಒಂದು ಹುಟ್ಟಿ ಹನ್ನೊಂದ ದಿನಕ್ಕ ಹೋತು. ಉಳದದ್ದು ಐದು.’

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಮುಂಬೈ ಕರ್ನಾಟಕದಲ್ಲಿ ಹೆಂಗಸರ ಆರೋಗ್ಯ ಎಂಬುದು ನನ್ನ ಪಿಎಚ್‌ಡಿ ವಿಷಯ. ಮೂರು ವರ್ಷಗಳಿಂದ ಹಳ್ಳಿಗಳಲ್ಲಿ ಮುದುಕಿಯರನ್ನು ಕೂರಿಸಿಕೊಂಡು ಮಾತು ದಾಖಲಿಸುತ್ತಿದ್ದೇನೆ. ಅಷ್ಟೂ ದಿನ ನಾನು ಕೇಳಿದ್ದು ‘ಮಕ್ಕಳೆಷ್ಟು’ ಎಂದು. ‘ಬಸಿರೆಷ್ಟು’ ಎಂದು ಕೇಳಬೇಕೆಂದು ಹೊಳೆದದ್ದು ನಾನೇ ಬಸುರಿಯಾದ ಮೇಲೆ. ಇದನ್ನು ಬರೆಯಲು ಕೂತಾಗ ನನಗೆ ಹತ್ತನೇ ವಾರ. ಮನೆಯೊಳಗಿನ ನಾಲ್ಕು ಜನ ಮತ್ತು ಆಶಾ ಕಾರ್ಯಕರ್ತೆಯನ್ನು ಬಿಟ್ಟರೆ ಊರಿಗೆ ಗೊತ್ತಿಲ್ಲ. ಮೂರು ತಿಂಗಳು ತುಂಬುವ ತನಕ ಹೇಳಬಾರದು.

ಬಿಜ್ಜರಗಿ ಟಿಕೋಟಾ ತಾಲ್ಲೂಕಿನ ಊರು. ಹೊರಗಿನವರಿಗೆ ಇದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಊರು. ನಮಗೆ ದ್ರಾಕ್ಷಿಯ ಊರು. ನನ್ನ ಬಸಿರು ಶುರುವಾದದ್ದು ಒಣದ್ರಾಕ್ಷಿ ಮಾಡುವ ಕಾಲದಲ್ಲಿ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿ, ಗಂಧಕದ ಹೊಗೆ ಕೊಡುತ್ತಾರೆ. ಹೋದ ವರ್ಷ ಆ ವಾಸನೆ ನನಗೆ ದುಡ್ಡಿನ ವಾಸನೆಯಾಗಿತ್ತು. ಈ ವರ್ಷ ಅದು ಗಾಳಿಯಲ್ಲಿ ತೇಲಿ ಬಂದರೂ ಸಾಕು, ಬಚ್ಚಲಿಗೆ ಓಡುತ್ತೇನೆ. ಅತ್ತಿಯವರು ಮೊದಲ ದಿನ ಏನೂ ಕೇಳಲಿಲ್ಲ. ಎರಡನೇ ದಿನ ಒಂದು ತುಂಡು ಹುಣಸೆ, ಚೂರು ಬೆಲ್ಲ ತಂದಿಟ್ಟು ಹೋದರು. ಆಯಿ ಮಾತ್ರ ‘ಸಂಕ್ರಮಣದ ಹಿಂದಿನ ದಿನ ತಲಿಮ್ಯಾಲ ಎರಕೊಂಡಿದ್ದಿ, ಆಮ್ಯಾಲ ಎರಕೊಂಡಿಲ್ಲ’ ಎಂದರು. ಅವರ ಬಳಿ ಕ್ಯಾಲೆಂಡರ್ ಇಲ್ಲ, ಸೊಸೆಯಂದಿರ ಮುಟ್ಟಿನ ನೀರಿನ ಲೆಕ್ಕವಿದೆ. ವೈದ್ಯರೂ ಲೆಕ್ಕ ಹಾಕುವುದು ಹೀಗೆಯೇ. ಕೊನೆಯ ಮುಟ್ಟಿನ ಮೊದಲ ದಿನದಿಂದ ನಲವತ್ತು ವಾರ. ಇದರ ಪ್ರಕಾರ ಮೊದಲೆರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಆದರೂ ಅವು ಬಸಿರಿನ ವಾರಗಳೇ.

ಇದು ನನ್ನ ಮೊದಲ ಬಸಿರಲ್ಲ. ಎರಡು ವರ್ಷದ ಹಿಂದೆ ಒಂಬತ್ತನೇ ವಾರದಲ್ಲಿ ಒಂದು ಹೋಯಿತು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ, ಬಹುಪಾಲು ಮೊದಲ ಹನ್ನೆರಡು ವಾರಗಳಲ್ಲೇ. ಅರ್ಧಕ್ಕೂ ಹೆಚ್ಚು ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ಏರುಪೇರು, ತಾಯಿ ಬಸ್ಸು ಹತ್ತಿದ್ದೋ ಭಾರ ಎತ್ತಿದ್ದೋ ಅಲ್ಲ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆಗ ತಿಳಿದದ್ದು ಇಷ್ಟೇ: ಯಾರಿಗೂ ಹೇಳಿರಲಿಲ್ಲವಾದ್ದರಿಂದ ಹೋದದ್ದನ್ನೂ ಯಾರಿಗೂ ಹೇಳುವಂತಿರಲಿಲ್ಲ. ರಜೆ ಕೇಳಲು ಒಂದು ಕಚೇರಿಗೆ ಹೋದೆ. ಯುಜಿಸಿಯ 2016ರ ನಿಯಮದಲ್ಲಿ ಸಂಶೋಧನಾ ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶವಿತ್ತು. ಗುಮಾಸ್ತರು ಒಳ್ಳೆಯವರೇ. ಅರ್ಜಿ ನೋಡಿ ‘ಹೆರಿಗಿ ತಾರೀಖು ಬರದಿಲ್ಲಲ್ರೀ’ ಎಂದರು. ನಾನು ಅರ್ಜಿ ವಾಪಸು ತೆಗೆದುಕೊಂಡು ‘ಜ್ವರ’ ಎಂದು ಬರೆದುಕೊಟ್ಟೆ. ಇಂದಿಗೂ ಆ ಕಡತದಲ್ಲಿ ನನಗೆ ಎಂಟು ದಿನ ಜ್ವರ ಬಂದಿದೆ. ನಾಳೆ ಯಾರಾದರೂ ಇತಿಹಾಸಕಾರರು ಆ ಕಡತ ತೆರೆದರೆ ಅವರೂ ಹಾಗೆಯೇ ಬರೆಯುತ್ತಾರೆ.

ಆ ಅರ್ಜಿ ನನಗೆ ನನ್ನ ಆಕರಗಳ ಬಗ್ಗೆಯೇ ಅನುಮಾನ ಹುಟ್ಟಿಸಿತು. 1884ರಲ್ಲಿ ಬಂದ ಮುಂಬೈ ಗೆಜೆಟಿಯರಿನ ಬಿಜಾಪುರ ಸಂಪುಟ ನಮ್ಮ ಜಿಲ್ಲೆಯ ಸಂಶೋಧಕರಿಗೆಲ್ಲ ಮೊದಲ ಮೆಟ್ಟಿಲು. ಜಾತಿಜಾತಿಯ ಊಟ, ಉಡುಗೆ, ಮದುವೆ, ಸಾವುಗಳನ್ನು ಅದು ವರ್ಣಿಸುತ್ತದೆ. ಹುಟ್ಟಿನ ವಿಷಯಕ್ಕೆ ಬಂದರೆ ವಿವರ ದಟ್ಟವಾಗುವುದು ಹೆರಿಗೆಯಾದ ಮೇಲೆ: ಬಾಣಂತಿಯ ಕೋಣೆ, ಐದನೇ ದಿನದ ಪೂಜೆ, ತೊಟ್ಟಿಲು, ಹೆಸರು. ಬರೆದ ಅಧಿಕಾರಿಗಳೂ ಅವರಿಗೆ ಮಾಹಿತಿ ಕೊಟ್ಟವರೂ ಗಂಡಸರು. ಹೆಂಗಸರು ಅತ್ತೆಗೂ ಬಾಯಿಬಿಟ್ಟು ಹೇಳದ ತಿಂಗಳುಗಳು ಅವರಿಗೆಲ್ಲಿ ಸಿಗಬೇಕು? ಸ್ವತಂತ್ರ ಭಾರತದ ಕಾನೂನೂ ಇದನ್ನು ತುಂಬಿಕೊಡುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಹುಟ್ಟನ್ನು, ಸಾವನ್ನು, ಸತ್ತು ಹುಟ್ಟಿದ್ದನ್ನು ದಾಖಲಿಸಬೇಕೆನ್ನುತ್ತದೆ. ಸತ್ತು ಹುಟ್ಟಿದ್ದು ಎನಿಸಿಕೊಳ್ಳಬೇಕಾದರೂ ಗರ್ಭಕ್ಕೆ ಗೊತ್ತುಪಡಿಸಿದ ವಯಸ್ಸು ಆಗಿರಬೇಕು. ಆಯಿಯ ಹನ್ನೊಂದು ದಿನದ ಕೂಸಿಗೆ ಅಲ್ಲಿ ಜಾಗ ಸಿಕ್ಕೀತು, ಮೂರು ತಿಂಗಳಲ್ಲಿ ಹೋದವಕ್ಕೆ ಸಿಗದು.

ಹಾಗಂತ ಹಳಬರು ಈ ತಿಂಗಳುಗಳ ಬಗ್ಗೆ ಯೋಚಿಸಲೇ ಇಲ್ಲ ಎನ್ನುವಂತಿಲ್ಲ. ಸುಶ್ರುತಸಂಹಿತೆ ತಿಂಗಳು ತಿಂಗಳಾಗಿ ಗರ್ಭವನ್ನು ವರ್ಣಿಸುತ್ತದೆ. ಮೊದಲ ತಿಂಗಳು ಕಲಲ, ಎರಡನೆಯದರಲ್ಲಿ ಗಟ್ಟಿಯಾಗುವುದು, ಮೂರನೆಯದರಲ್ಲಿ ಕೈಕಾಲು ತಲೆಗಳ ಐದು ಮೊಗ್ಗು. ನಾಲ್ಕನೆಯದರಲ್ಲಿ ಹೃದಯ ಮೂಡುವುದರಿಂದ ಬಸುರಿಗೆ ಎರಡು ಹೃದಯ, ಅದಕ್ಕೇ ಅವಳ ಬಯಕೆ ತೀರಿಸಬೇಕು ಎನ್ನುತ್ತದೆ. ಬಸಿರು ಹೋಗುವುದಕ್ಕೂ ಅದರಲ್ಲಿ ಎರಡು ಹೆಸರಿವೆ. ನಾಲ್ಕನೇ ತಿಂಗಳವರೆಗೆ ಸ್ರಾವ, ಐದು ಆರರಲ್ಲಿ ಪಾತ. ಒಂದು ಸೋರಿಹೋಗುವುದು, ಇನ್ನೊಂದು ಬೀಳುವುದು. ಇಂದಿನ ನಮ್ಮ ಬರಹದ ಕನ್ನಡ ಎಲ್ಲಕ್ಕೂ ‘ಗರ್ಭಪಾತ’ ಎಂದುಬಿಡುತ್ತದೆ, ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ. ಆಯಿಯ ಮಾತಿನಲ್ಲಿ ಮಾತ್ರ ‘ಹೋತು’ ಬೇರೆ, ‘ತಗಿಸಿದ್ರು’ ಬೇರೆ.

ಕಾಳಿದಾಸನ ರಘುವಂಶದ ಮೂರನೇ ಸರ್ಗದಲ್ಲಿ ರಾಣಿ ಸುದಕ್ಷಿಣೆ ಬಸುರಿಯಾಗಿ ಮಣ್ಣು ತಿನ್ನುತ್ತಾಳೆ. ರಾಜ ದಿಲೀಪ ಆ ಮಣ್ಣಿನ ಕಂಪಿಗೆ ಮಾರುಹೋಗುತ್ತಾನೆ. ಹುಟ್ಟುವ ಮಗ ಭೂಮಿಯನ್ನೇ ಭೋಗಿಸುವವನು, ಆದ್ದರಿಂದ ತಾಯಿಗೆ ಮಣ್ಣಿನ ಮೇಲೆ ಆಸೆ ಎಂಬುದು ಕವಿಯ ಸಮರ್ಥನೆ. ಆಯಿಗೂ ಕೆಮ್ಮಣ್ಣು ಬೇಕಾಗುತ್ತಿತ್ತಂತೆ. ಗೋಡೆಗೆ ಸಾರಿಸಲು ತಂದಿಟ್ಟ ಮಣ್ಣಿನ ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಮಕ್ಕಳ್ಯಾರೂ ಚಕ್ರವರ್ತಿಗಳಾಗಲಿಲ್ಲ. ಮಣ್ಣು, ಬೂದಿ, ಸೀಮೆಸುಣ್ಣ ತಿನ್ನುವ ಬಯಕೆಗೂ ರಕ್ತಹೀನತೆಗೂ ನಂಟಿದೆ ಎಂದು ಇಂದಿನ ವೈದ್ಯರು ಬಲ್ಲರು. ಕಾವ್ಯದಲ್ಲಿ ಸಾಮ್ರಾಜ್ಯದ ಸೂಚನೆಯಾದದ್ದು ಹಳ್ಳಿಯ ಹೆಂಗಸಿನಲ್ಲಿ ಕಬ್ಬಿಣದ ಕೊರತೆ.

ಬಸಿರು ಯಾವಾಗಿನಿಂದ ಬಸಿರು? ಈ ಪ್ರಶ್ನೆಗೆ ನೂರಾರು ವರ್ಷ ಯುರೋಪಿನಲ್ಲೂ ನಮ್ಮಲ್ಲೂ ಉತ್ತರ ಕೊಡಬಲ್ಲವಳು ಬಸುರಿಯೊಬ್ಬಳೇ. ಕೂಸು ಒದ್ದದ್ದು ಅವಳಿಗೆ ತಿಳಿದಾಗ, ಅಂದರೆ ನಾಲ್ಕು ಐದು ತಿಂಗಳಿಗೆ, ಬಸಿರು ಖಾತ್ರಿ. ಅಲ್ಲಿಯವರೆಗೆ ನಿಂತ ಮುಟ್ಟು ಬಸಿರೂ ಇರಬಹುದು, ಕಾಯಿಲೆಯೂ ಇರಬಹುದು. ಈ ತಿಳಿವಳಿಕೆ ಕಾನೂನಿನೊಳಗೂ ನುಸುಳಿತು. 1860ರ ಭಾರತೀಯ ದಂಡಸಂಹಿತೆಯ 312ನೇ ಕಲಮು ಗರ್ಭ ತೆಗೆಸಿದವರಿಗೆ ಮೂರು ವರ್ಷದವರೆಗೆ ಸಜೆ ವಿಧಿಸಿತು, ಆದರೆ ಕೂಸು ಮಿಸುಕಾಡತೊಡಗಿದ್ದರೆ ಏಳು ವರ್ಷದವರೆಗೆ. ಇಂಗ್ಲೆಂಡ್ ತನ್ನ ಕಾನೂನಿನಿಂದ ಈ ಭೇದವನ್ನು 1837ರಲ್ಲೇ ಕೈಬಿಟ್ಟಿತ್ತು. ಅದನ್ನೇ ಇಲ್ಲಿ ತಂದು ನೆಟ್ಟಿತು. 2024ರ ಜುಲೈ 1ರಂದು ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 88ನೇ ಕಲಮಿನಲ್ಲೂ ಈ ಎರಡು ಹಂತಗಳು ಹಾಗೆಯೇ ಉಳಿದಿವೆ. ನಡುವೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದು, ಹನ್ನೆರಡು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಆಮೇಲೆ ಇಪ್ಪತ್ತು ವಾರದವರೆಗೆ ಇಬ್ಬರು ಬೇಕು ಎಂದಿತು. 2021ರ ತಿದ್ದುಪಡಿ ಆ ಗೆರೆಯನ್ನು ಮುಂದಕ್ಕೆ ಸರಿಸಿದೆ. ಮಿಸುಕಾಟದ ಜಾಗಕ್ಕೆ ವಾರದ ಎಣಿಕೆ ಬಂತು, ಹೆಂಗಸಿನ ಮಾತಿನ ಜಾಗಕ್ಕೆ ವೈದ್ಯರ ಸಹಿ.

ಅವಳ ಮಾತಿಗೆ ಮೊದಲೇ ಬಸಿರನ್ನು ಹಿಡಿಯುವ ಪರೀಕ್ಷೆ ಬಂದದ್ದು ಸುಮಾರು ನೂರು ವರ್ಷದ ಹಿಂದೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅವನ್ನು ಕೊಯ್ದು ಅಂಡಾಶಯ ನೋಡುತ್ತಿದ್ದರು. ಇಲಿಯಾದ ಮೇಲೆ ಮೊಲ, ಮೊಲವಾದ ಮೇಲೆ ಆಫ್ರಿಕಾದ ಕಪ್ಪೆ. ಕಪ್ಪೆಯನ್ನು ಕೊಲ್ಲಬೇಕಿರಲಿಲ್ಲ, ಅದು ಮೊಟ್ಟೆಯಿಟ್ಟರೆ ಹೆಂಗಸು ಬಸುರಿ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕಿಟ್ಟು ಅಂಗಡಿಗೆ ಬಂತು. ನನಗೆ ಅದು ಬಂದದ್ದು ಆಶಾ ಕಾರ್ಯಕರ್ತೆಯ ಚೀಲದಿಂದ. ಸರಕಾರ ಪುಕ್ಕಟೆ ಕೊಡುವ ಆ ಕಿಟ್ಟಿನ ಹೆಸರು ‘ನಿಶ್ಚಯ’. ಎರಡು ಗೆರೆ ಮೂಡಿದಾಗ ನಾಲ್ಕು ವಾರ ಮೂರು ದಿನ. ಆಯಿಗೆ ಆ ಹೊತ್ತಿಗೆ ‘ಏನೋ ನಾಕ ದಿನ ಹಿಂದ ಮುಂದ ಆಗೇದ’ ಅನಿಸುತ್ತಿತ್ತು. ನನಗೆ ನಿಶ್ಚಯ. ಬೇಗ ತಿಳಿದರೆ ಬೇಗ ಹೆದರಿಕೆಯೂ ಶುರುವಾಗುತ್ತದೆ. ಅವರ ಎರಡು ತಿಂಗಳ ಬಸಿರು ಹೋದಾಗ, ಅದು ಬಸಿರೋ ತಡವಾದ ಮುಟ್ಟೋ ಎಂದು ಮನೆಯವರು ವಾದಿಸಿದ್ದರಂತೆ. ಆಯಿ ಮಾತ್ರ ಅದನ್ನು ಒಂಬತ್ತರಲ್ಲಿ ಸೇರಿಸಿಕೊಂಡೇ ಬಂದಿದ್ದಾರೆ.

ಆಶಾ ಕಾರ್ಯಕರ್ತೆ ಅಂದೇ ಒಂದು ಪಟ್ಟಿ ಚಿಕ್ಕ ಮಾತ್ರೆಗಳನ್ನೂ ಕೊಟ್ಟರು. ಫೋಲಿಕ್ ಆಮ್ಲ, ಮೊದಲ ಮೂರು ತಿಂಗಳು ದಿನಕ್ಕೊಂದು. ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ. ಆ ಮಾತ್ರೆಯ ಇತಿಹಾಸ ಹುಡುಕಿದಾಗ ನನ್ನ ಪಿಎಚ್‌ಡಿಯ ಊರುಗಳ ಹತ್ತಿರಕ್ಕೇ ಬಂದು ನಿಂತೆ.

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಹುಟ್ಟಿದ್ದು 1888ರಲ್ಲಿ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿ, ಆಮೇಲೆ ಲಂಡನ್ನಿನಲ್ಲಿ ವೈದ್ಯಕೀಯ ಕಲಿತವಳು. 1928ರಲ್ಲಿ ಬಸುರಿಯರ ಸಾವುಗಳ ಕುರಿತ ಅಧ್ಯಯನಕ್ಕಾಗಿ ಮುಂಬೈಗೆ ಬಂದಳು. ಪರೇಲಿನ ಹಾಫ್‌ಕಿನ್ ಸಂಸ್ಥೆಯೇ ಅವಳ ನೆಲೆ. ಅಲ್ಲಿನ ಬಡ ಹೆಂಗಸರಲ್ಲಿ, ಜವಳಿ ಗಿರಣಿಯ ಕೆಲಸಗಾರ್ತಿಯರಲ್ಲಿ, ಬಸಿರಿನ ಕಾಲದ ಒಂದು ಬಗೆಯ ರಕ್ತಹೀನತೆ ಜೀವ ತೆಗೆಯುತ್ತಿತ್ತು. ರಕ್ತದ ಕಣಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಸೋಂಕು ಇರಬೇಕು ಎಂಬ ಊಹೆಯನ್ನು ಬಿಟ್ಟು ವಿಲ್ಸ್ ಅವರ ಊಟ ನೋಡತೊಡಗಿದಳು. ಸೊಪ್ಪು, ಹಣ್ಣು, ಹಾಲು, ಮಾಂಸ ಕಂಡರಿಯದ ತಟ್ಟೆಗಳು. ಇಲಿಗಳಿಗೆ, ಕೋತಿಗಳಿಗೆ ಅಂಥದೇ ಊಟ ಕೊಟ್ಟು ರೋಗ ಬರಿಸಿ, ವಾಸಿಮಾಡಲು ಒಂದೊಂದಾಗಿ ಆಹಾರ ಹಾಕಿದಳು. ಕೊನೆಗೆ ಗುಣ ಕಂಡದ್ದು ಮಾರ್ಮೈಟ್ ಎಂಬ ಅಗ್ಗದ ಈಸ್ಟಿನ ಸಾರದಲ್ಲಿ. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇದನ್ನು ಪ್ರಕಟಿಸಿದಳು. ಆ ಸಾರದಲ್ಲಿರುವುದು ಏನೆಂದು ಅವಳಿಗೂ ತಿಳಿದಿರಲಿಲ್ಲ, ಅದಕ್ಕೆ ‘ವಿಲ್ಸ್ ಅಂಶ’ ಎಂಬ ಹೆಸರು ಬಿತ್ತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ವಸ್ತು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದನ್ನು ಫೋಲಿಕ್ ಆಮ್ಲ ಎಂದರು. ನನ್ನ ಮಾತ್ರೆ ಅದು.

1931 ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಾರಣಕ್ಕೆ ನೆನಪಿರಬೇಕಾದ ವರ್ಷ. ಬಿಜಾಪುರ ಆಗ ಮುಂಬೈ ಪ್ರಾಂತದ ಜಿಲ್ಲೆ. ಅದೇ ವರ್ಷ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಸಂಗಡಿಗರು ಬೀಸುವ ಕುಟ್ಟುವ ಹೆಂಗಸರ ಬಾಯಿಂದ ಬರೆದುಕೊಂಡ ತ್ರಿಪದಿಗಳು ಅವು. ಒಂದೇ ಪ್ರಾಂತದಲ್ಲಿ, ಒಂದೇ ವರ್ಷ, ಒಬ್ಬಳು ಹೆಂಗಸರ ರಕ್ತದ ಹನಿಗಳನ್ನು ಗಾಜಿನ ಮೇಲೆ ಓದಿ ಬರೆದಳು, ಇಲ್ಲಿ ಕೆಲವರು ಅವರ ಹಾಡನ್ನು ಕೇಳಿ ಬರೆದರು. ಇಬ್ಬರಿಗೂ ಪರಸ್ಪರ ಸುದ್ದಿ ಗೊತ್ತಿರಲು ಕಾರಣವಿಲ್ಲ. ನನಗೆ ಎರಡೂ ಬೇಕು. ವೈದ್ಯರ ಲೇಖನದಲ್ಲಿ ರೋಗಿಗೆ ಹೆಸರಿಲ್ಲ, ಕ್ರಮಸಂಖ್ಯೆ ಇದೆ. ಹಾಡಿನಲ್ಲಿ ತವರು ಇದೆ, ಅಣ್ಣ ಇದ್ದಾನೆ, ಕೂಸು ಇದೆ, ಹಿಮೋಗ್ಲೋಬಿನ್ ಇಲ್ಲ. ನಮ್ಮ ಕಡೆಯ ಬಯಕೆಯ ಹಾಡುಗಳು ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಎಂದು ಬಸಿರನ್ನು ಎಣಿಸುತ್ತ, ಪ್ರತಿ ತಿಂಗಳಿಗೆ ಒಂದು ಹುಳಿ, ಒಂದು ಹಣ್ಣು ಬೇಡುತ್ತ ಹೋಗುತ್ತವೆ. ಗೆಜೆಟಿಯರು ಬಿಟ್ಟ ತಿಂಗಳುಗಳು ಅವುಗಳಲ್ಲಿವೆ. ಆದರೆ ಹಾಡು ಒಂಬತ್ತು ತಿಂಗಳನ್ನೂ ಮುಟ್ಟಿಯೇ ನಿಲ್ಲುತ್ತದೆ. ಮೂರಕ್ಕೇ ನಿಂತ ಹಾಡನ್ನು ನಾನು ಕೇಳಿಲ್ಲ.

ಮಾತ್ರೆಯ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಫಲ ಹೊರಬಂತು. ಹಿಂದೆ ಬೆನ್ನುಹುರಿ, ಮಿದುಳಿನ ದೋಷವಿದ್ದ ಕೂಸನ್ನು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ, ಆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಮುಖ್ಯವಾದ ಮಾತು ‘ಮೊದಲೇ’ ಎಂಬುದು. ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ. ನಮ್ಮ ಊರಿನ ಲೆಕ್ಕದಲ್ಲಿ ಅದು ಇನ್ನೂ ‘ಹಿಂದ ಮುಂದ ಆಗೇದ’ ಎನ್ನುವ ಹೊತ್ತು.

ನನ್ನ ತಾಕಲಾಟ ಇರುವುದು ಇಲ್ಲೇ. ಹೇಳಬಾರದೆಂಬ ಕಟ್ಟಳೆಯನ್ನು ನಾನು ಸುಲಭವಾಗಿ ಮೂಢನಂಬಿಕೆ ಎನ್ನಲಾರೆ. ಹೋದ ಸಲ ಊರಿಗೆಲ್ಲ ಗೊತ್ತಿದ್ದರೆ, ಭಾವಿಯ ಹತ್ತಿರ ಸಿಕ್ಕ ಪ್ರತಿಯೊಬ್ಬರಿಗೂ ನಾನು ಅದನ್ನು ಮತ್ತೆ ಹೇಳಬೇಕಿತ್ತು. ಮೌನ ನನ್ನನ್ನು ಅದರಿಂದ ಉಳಿಸಿತು. ಆದರೆ ಅದೇ ಮೌನದಲ್ಲಿ ಮೊದಲ ತಿಂಗಳುಗಳ ಮಾತ್ರೆ ತಪ್ಪುತ್ತದೆ. ಹನ್ನೆರಡು ವಾರದೊಳಗೆ ಹೆಸರು ಬರೆಸಿ ಎಂದು ಆರೋಗ್ಯ ಇಲಾಖೆ ಎಷ್ಟು ಕೂಗಿದರೂ ನಾಲ್ಕು ತುಂಬಿದ ಮೇಲೆ ಬರುವವರಿದ್ದಾರೆ. ದ್ರಾಕ್ಷಿ ತೋಟಕ್ಕೆ ಕೂಲಿಗೆ ಬರುವ ಹೆಂಗಸು ತಾನು ಬಸುರಿ ಎಂದು ಹೇಳದೆ ಔಷಧಿ ಹೊಡೆದ ಸಾಲಿನಲ್ಲೇ ಎಲೆ ತೆಗೆಯುತ್ತಾಳೆ. ಹೇಳಿದರೆ ಕೂಲಿ ತಪ್ಪಬಹುದೆಂಬ ಭಯವೂ ಇದೆ. ಅವಳ ಮೌನಕ್ಕೂ ನನ್ನದಕ್ಕೂ ಒಂದೇ ಬೆಲೆ ಅಲ್ಲ. ಈ ಬಸಿರಿನಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸವೆಂದರೆ ಐದನೇ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಹೇಳಿದ್ದು. ಊರಿಗೆ ಮುಚ್ಚಿಟ್ಟು ಅವರಿಗೆ ಬಿಚ್ಚಿಡಬಹುದು ಎಂದು ಹೋದ ಸಲ ನನಗೆ ತಿಳಿದಿರಲಿಲ್ಲ.

ಹೋದ ವಾರ ನನ್ನ ಅವ್ವ ತವರಿನಿಂದ ಬಂದಳು. ಕಳ್ಳಗುಬಸ ಮಾಡಲು. ಐದಕ್ಕೋ ಏಳಕ್ಕೋ ಊರಿಗೆ ಊಟ ಹಾಕಿ ಮಾಡುವುದು ದೊಡ್ಡ ಕುಬಸ. ಮೂರನೇ ತಿಂಗಳಲ್ಲಿ ಸದ್ದಿಲ್ಲದೆ ಮಾಡುವುದು ಕಳ್ಳಗುಬಸ. ಗಡಿಯಾಚೆ ಮರಾಠಿಯವರು ಇದನ್ನೇ ಚೋರಚೋಳಿ ಎನ್ನುತ್ತಾರೆ, ಅರ್ಥವೂ ಅದೇ. ಮನುಷ್ಯರು ಗುಟ್ಟಾಗಿಡಬೇಕಾದ ತಿಂಗಳಿಗೆ ಗುಟ್ಟಾದ ಹಬ್ಬವನ್ನೂ ಮಾಡಿಕೊಂಡಿದ್ದಾರೆ. ಇದೇ ಮೂರನೇ ತಿಂಗಳಿಗೆ ಗೃಹ್ಯಸೂತ್ರಗಳು ಪುಂಸವನ ಎಂಬ ಸಂಸ್ಕಾರ ಹೇಳುತ್ತವೆ. ಗಂಡು ಹುಟ್ಟಲೆಂದು ಬಸುರಿಗೆ ಮೊಸರಿನಲ್ಲಿ ಎರಡು ಕಾಳು, ಒಂದು ಜವೆ ಇಟ್ಟು ಕುಡಿಸುವ ವಿಧಿ ಆಶ್ವಲಾಯನದಲ್ಲಿದೆ. ಅದು ಬರಹದಲ್ಲಿ ಉಳಿಯಿತು. ಕಳ್ಳಗುಬಸ ಬಾಯಲ್ಲಿ ಉಳಿಯಿತು, ನಮ್ಮ ಮನೆಯಲ್ಲಿ ಅದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಅವ್ವ ಗುಳೇದಗುಡ್ಡದ ಹಸಿರು ಖಣ ತಂದಿದ್ದಳು. ಬಾಗಿಲು ಮುಂದೆ ಮಾಡಿ ನಾವು ನಾಲ್ವರೇ ಕೂತೆವು. ಅತ್ತಿಯವರು ಉಡಿ ತುಂಬಿದರು, ಅವ್ವ ಖಣ ಮುಡಿಗೆ ಮುಟ್ಟಿಸಿದಳು. ಒಂದು ಹೋಳಿಗೆ ತಿಂದೆ, ಅರ್ಧ ಉಳಿಯಿತು.

ಮರುದಿನ ತಾಯಿ ಕಾರ್ಡು ಕೈಗೆ ಬಂತು. ಅದರಲ್ಲಿ ನರ್ಸಮ್ಮ ಬರೆದ ಒಂದು ಸಾಲನ್ನು ಆಯಿಗೆ ಓದಿ ಹೇಳಿದೆ: ಜಿ 2, ಪಿ 0, ಎ 1. ಎರಡನೇ ಬಸಿರು, ಹೆರಿಗೆ ಇನ್ನೂ ಇಲ್ಲ, ಹೋದದ್ದು ಒಂದು. ನನ್ನ ಹೋದದ್ದು ಮೊದಲ ಬಾರಿಗೆ ಒಂದು ಕಾಗದದ ಮೇಲೆ ಅದರದೇ ಹೆಸರಿನಲ್ಲಿ ಬಂದಿತ್ತು, ಜ್ವರ ಎಂದಲ್ಲ. ಆಯಿಗೆ ತಮ್ಮದೂ ಬೇಕಾಯಿತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ: ಜಿ 9, ಪಿ 6, ಎ 3. ಉಳಿದವರು 5. ಓದಿ ಹೇಳಿದಾಗ ಬೆರಳು ಮಡಚಿ ಮತ್ತೊಮ್ಮೆ ತಾಳೆ ನೋಡಿದರು.

‘ಹೌದು, ಬರೋಬರಿ ಅದ,’ ಎಂದರು. ‘ಇದನ್ನ ಮೊದಲ ಯಾರೂ ಕೇಳಿರಲಿಲ್ಲ.’